ಬಟನ್ ಹೊಸದರ ಹಾಗಿದೆ, ಟೈರಿಗೆ ಮಾತ್ರ ಎಂಟು ವರ್ಷ. ಬದಲಾಯಿಸಲೋ, ಇನ್ನೊಂದು ವರ್ಷ ಓಡಿಸಲೋ?

ಗಾಲಿಮೇಲೆ_ಗೂಡು

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ಕೊಂಡೆವು. ವ್ಯಾನ್ ಚಾಸಿ ಮೇಲೆ ಕಟ್ಟಿದ್ದು, ಒಟ್ಟು ತೂಕದ ಮಿತಿ 3.5 ಟನ್, ಹಿಂದೆಯೂ ಒಂಟಿ ಚಕ್ರವೇ. ಮಾರಿದವರು "ಟೈರ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಬೇಕಾದ್ರೆ ಬಟನ್ ನೋಡಿ" ಅಂದಿದ್ದರು. ನೋಡಿದೆ. ಬಟನ್, ಅಂದರೆ ರಸ್ತೆ ಮುಟ್ಟುವ ಗಟ್ಟು, ಏಳು ಮಿಲಿಮೀಟರ್ ಇದೆ. ಖುಷಿಯಾಯಿತು.

ಕಳೆದ ಭಾನುವಾರ ಟೈರುಗಳ ಹುಟ್ಟಿದ ತಾರೀಕು ಹುಡುಕೋಣ ಅಂತ ಕೂತೆ. ಹೊರಮೈಯಲ್ಲಿ "ಡಾಟ್" ಅಂತ ಇದೆ, ಅದರ ಮುಂದೆ ಏನೇನೋ ಸಂಕೇತ ಇದೆ, ತಯಾರಾದ ವಾರ, ವರ್ಷ ಹೇಳುವ ಕೊನೆಯ ನಾಲ್ಕಂಕಿ ಮಾತ್ರ ಇಲ್ಲ. ಒಳಮೈಗೆ ಇರಬೇಕು ಅಂದುಕೊಂಡು ಚಾಪೆ ಹಾಸಿ ಗಾಡಿ ಅಡಿಗೆ ನುಗ್ಗಿ, ಮಗಳ ಸೀಮೆಸುಣ್ಣ ಉಜ್ಜಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಮೂರು ಟೈರ್ 2317. ಬಲಗಡೆ ಹಿಂದಿನದು 1119. ಸ್ಟೆಪ್ನಿ 4816. ಅಂದರೆ ಮೂರು ಟೈರು 2017ರ 23ನೇ ವಾರದವು, ಎಂಟು ವರ್ಷ ದಾಟಿವೆ. ಸ್ಟೆಪ್ನಿ ಇನ್ನೂ ಹಿರಿಯ, ಅದು ನೆಲ ಮುಟ್ಟಿದ ಹಾಗೇ ಕಾಣುವುದಿಲ್ಲ.

ಸೈಡ್‌ವಾಲ್‌ನಲ್ಲಿ, ಅಂದರೆ ಟೈರಿನ ಪಕ್ಕದ ಮೈಯಲ್ಲಿ, ಕೂದಲೆಳೆಯಷ್ಟು ಸಣ್ಣ ಬಿರುಕುಗಳಿವೆ. ನಾವು ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡಿಸಿದರೆ ಹೆಚ್ಚು. ಮನೆಯವಳು "ಐದನ್ನೂ ಬದಲಾಯಿಸು, ಆಮೇಲೆ ಮಾತಾಡು" ಅಂತಾಳೆ. ನನಗೆ ಇಷ್ಟು ಬಟನ್ ಇರೋ ಟೈರನ್ನು ಬಿಸಾಡೋಕೆ ಕೈ ಬರುತ್ತಿಲ್ಲ. ನೀವೇನಂತೀರಿ?

ಹಳೇ_ಸ್ಟೀರಿಂಗ್

ಮನೆಯವರ ಮಾತು ಕೇಳಿ ಸರ್. ಮೋಟರ್‌ಹೋಮ್ ಟೈರ್ ಸವೆದು ಸಾಯೋದಿಲ್ಲ, ನಿಂತು ಸಾಯುತ್ತೆ. ಬಟನ್ ನೋಡಿ ತೀರ್ಮಾನ ಮಾಡೋದು ದಿನಾ ಓಡೋ ಕಾರಿಗೆ ಸರಿ.

ಲೆಕ್ಕ_ಪಕ್ಕಾ

ಇಲ್ಲಿ ಯಾರಾದರೂ ಕೇಳಿದ ಕೂಡಲೇ "ಬದಲಾಯಿಸಿ" ಅನ್ನೋದು ರೂಢಿಯಾಗಿದೆ. ಒಬ್ಬರು ಐದು ವರ್ಷ ಅಂತಾರೆ, ಇನ್ನೊಬ್ಬರು ಏಳು, ಮತ್ತೊಬ್ಬರು ಹತ್ತು. ಟೈರಿಗೆ ಕ್ಯಾಲೆಂಡರ್ ಓದೋಕೆ ಬರುತ್ತಾ? ನನ್ನ ಹಿಂದಿನ ಗಾಡಿಯಲ್ಲಿ ಒಂದೇ ಸೆಟ್ ಹನ್ನೊಂದು ವರ್ಷ ಓಡಿತು. ಒಂದು ಪಂಕ್ಚರ್ ಬಿಟ್ಟರೆ ಏನೂ ಆಗಲಿಲ್ಲ. ವಯಸ್ಸಿನ ಹೆದರಿಕೆ ಹುಟ್ಟಿಸಿದರೆ ಟೈರ್ ಮಾರುವವರಿಗೆ ಲಾಭ, ಅಷ್ಟೇ.

ರಬ್ಬರ್_ಮೇಷ್ಟ್ರು

ಟೈರ್ ಉದ್ಯಮದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಈಚೆ ಬಂದವನು ನಾನು. ಈಗ ಮಾರುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ, ಹಾಗಾಗಿ ಲೆಕ್ಕ_ಪಕ್ಕಾ ಅವರು ನನ್ನನ್ನು ನಂಬಬಹುದು.

ಟೈರಿಗೆ ಕ್ಯಾಲೆಂಡರ್ ಓದೋಕೆ ಬರಲ್ಲ, ನಿಜ. ಆದರೆ ಆಮ್ಲಜನಕ ಅದನ್ನು ಬಿಡುವುದಿಲ್ಲ. ನಾವು ತುಂಬಿದ ಗಾಳಿ ಒಳಗೆ ಸುಮ್ಮನೆ ಕೂತಿರುವುದಿಲ್ಲ. ಒತ್ತಡಕ್ಕೆ ನಿಧಾನವಾಗಿ ಒಳಪದರದ ಮೂಲಕ ರಬ್ಬರಿನೊಳಕ್ಕೆ ಇಳಿಯುತ್ತಾ ಹೋಗುತ್ತದೆ. ಹೋಗುವ ದಾರಿಯಲ್ಲಿ ಬಟನ್ ಅಡಿಯ ಉಕ್ಕಿನ ಬೆಲ್ಟುಗಳನ್ನು ಹಿಡಿದಿರುವ ರಬ್ಬರಿನ ಜೊತೆ ಸೇರಿ ಅದನ್ನು ಗಡಸು ಮಾಡುತ್ತದೆ. ರಬ್ಬರ್ ಎಳೆದರೆ ಹಿಗ್ಗಬೇಕು. ಗಡಸಾದದ್ದು ಹಿಗ್ಗುವ ಬದಲು ಹರಿಯುತ್ತದೆ. ಮೊದಲು ಹರಿಯುವುದು ಬೆಲ್ಟಿನ ಅಂಚಿನಲ್ಲಿ, ಎರಡು ಪದರಗಳ ನಡುವೆ. ಅಲ್ಲಿ ನಿಮ್ಮ ಟಾರ್ಚೂ ಹೋಗಲ್ಲ, ಸೀಮೆಸುಣ್ಣವೂ ಹೋಗಲ್ಲ. ಗಾಡಿ ನಿಂತಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ಬಿಸಿಲು, ಸೆಕೆ ಇದ್ದ ಕಡೆ ಇನ್ನೂ ಚುರುಕಾಗಿ ನಡೆಯುತ್ತದೆ.

ಹೊರಗಿನ ಕಥೆ ಬೇರೆ. ಓಝೋನ್ ಮತ್ತು ಬಿಸಿಲಿನಿಂದ ಕಾಪಾಡಲೆಂದು ರಬ್ಬರಿಗೆ ಮೇಣ ಮತ್ತು ಕೆಲವು ರಾಸಾಯನಿಕ ಬೆರೆಸಿರುತ್ತಾರೆ. ಟೈರ್ ಉರುಳಿ ಬಾಗಿ ಬಳುಕಿದಾಗ ಅವು ಸ್ವಲ್ಪ ಸ್ವಲ್ಪವಾಗಿ ಮೇಲ್ಮೈಗೆ ಬರುತ್ತವೆ. ದಿನಾ ಓಡುವ ಟೈರ್ ತನಗೆ ತಾನೇ ಎಣ್ಣೆ ಹಚ್ಚಿಕೊಂಡ ಹಾಗೆ. ವರ್ಷದಲ್ಲಿ ಎಂಟು ತಿಂಗಳು ನಿಂತ ಟೈರಿಗೆ ಆ ಭಾಗ್ಯವಿಲ್ಲ. ಜೊತೆಗೆ ಮೋಟರ್‌ಹೋಮ್ ನಿಂತಾಗಲೂ ಹೆಚ್ಚುಕಡಿಮೆ ಪೂರ್ತಿ ಭಾರದಲ್ಲೇ ನಿಂತಿರುತ್ತದೆ. ಮಂಚ, ಅಡುಗೆಮನೆ, ಫ್ರಿಜ್ ಯಾವುದನ್ನೂ ಯಾರೂ ಇಳಿಸಿಡುವುದಿಲ್ಲವಲ್ಲ.

ಹನ್ನೊಂದು ವರ್ಷ ಓಡಿದ ಟೈರ್ ಇದೆ, ಒಪ್ಪುತ್ತೇನೆ. ಟೈರ್ ಸಿಡಿಯದವರು ಬಂದು ಹೇಳುತ್ತಾರೆ, ಅದೂ ಸರಿ. ಆದರೆ ನಿಮ್ಮ ಟೈರ್ ಯಾವ ತೂಕದಲ್ಲಿ, ಯಾವ ಗಾಳಿಯಲ್ಲಿ ಓಡಿತು ಅಂತ ಹೇಳಿದರೆ ಅದಕ್ಕೊಂದು ಅರ್ಥ ಬರುತ್ತೆ.

ಲೆಕ್ಕ_ಪಕ್ಕಾ

ಗಾಳಿ ಪ್ರತಿ ಪ್ರಯಾಣದ ಮುಂಚೆ ತಣ್ಣಗಿರುವಾಗಲೇ ನೋಡುತ್ತಿದ್ದೆ. ತೂಕ ಟೈರಿನ ಮಿತಿಗಿಂತ ಕಾಲುಭಾಗ ಕಡಿಮೆ. ಗಾಡಿ ಶೆಡ್ಡಿನಲ್ಲಿ ಇರುತ್ತಿತ್ತು. ಅದನ್ನೇ ಹೇಳುತ್ತಿರೋದು ಮೇಷ್ಟ್ರೇ, ನೋಡಿಕೊಂಡರೆ ಬಾಳುತ್ತೆ. ಮತ್ತೆ ಈ "ಇಷ್ಟೇ ವರ್ಷ" ಅನ್ನೋ ಕಾನೂನು ಎಲ್ಲಿದೆ, ಅದನ್ನೂ ಹೇಳಿ.

ರಬ್ಬರ್_ಮೇಷ್ಟ್ರು

ಮೋಟರ್‌ಹೋಮಿಗೇ ಅಂತ ಎಲ್ಲ ಕಡೆ ಒಪ್ಪಿದ ಒಂದು ಅಂಕಿ ಇಲ್ಲ. ಆದರೆ ವಯಸ್ಸನ್ನು ಕಾನೂನು ಲೆಕ್ಕಕ್ಕೇ ಇಟ್ಟಿಲ್ಲ ಅನ್ನೋದು ತಪ್ಪು. ಬ್ರಿಟನ್ನಿನಲ್ಲಿ 2021ರ ಫೆಬ್ರವರಿ 1ರಿಂದ ಲಾರಿ, ಬಸ್ಸುಗಳ ಮುಂದಿನ ಆಕ್ಸಲ್‌ಗೆ ಹತ್ತು ವರ್ಷ ಮೀರಿದ ಟೈರ್ ಹಾಕುವಂತಿಲ್ಲ. ಜರ್ಮನಿಯಲ್ಲಿ ಟ್ರೇಲರ್ ಎಳೆದುಕೊಂಡು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗಲು ಅನುಮತಿ ಬೇಕಿದ್ದರೆ ಟ್ರೇಲರಿನ ಟೈರ್ ಆರು ವರ್ಷದೊಳಗಿನದಾಗಿರಬೇಕು. ಮಿಷೆಲಿನ್ ಹೇಳುವುದು: ಐದು ವರ್ಷವಾದ ಮೇಲೆ ಪ್ರತಿ ವರ್ಷ ತಿಳಿದವರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷಕ್ಕೆ ನೋಡಲು ಹೇಗೇ ಇದ್ದರೂ ತೆಗೆಯಿರಿ. ಆ ಹತ್ತು ಗ್ಯಾರಂಟಿ ಅಲ್ಲ, ಗರಿಷ್ಠ ಮಿತಿ. ಜನ ಅದನ್ನು ತಿರುಗಾಮುರುಗಾ ಓದುತ್ತಾರೆ.

ನನ್ನ ಸ್ವಂತ ರೂಢಿ: ಐದರಿಂದ ಪ್ರತಿ ವರ್ಷ ಪರೀಕ್ಷೆ, ಏಳಕ್ಕೆ ಹೊಸದು. ನಿಮ್ಮಂಥ ಶಿಸ್ತಿನವರು ಇನ್ನೊಂದೆರಡು ವರ್ಷ ಎಳೆದರೆ ನಾನು ಜಗಳಕ್ಕೆ ಬರಲ್ಲ.

ಅಲೆಮಾರಿ_ಅಕ್ಕ

ನಾನು ಸಿಡಿಸಿಕೊಂಡವಳು, ಹೇಳುತ್ತೇನೆ ಕೇಳಿ.

ನಮ್ಮದು ಹಿಂದೆ ಜೋಡಿ ಚಕ್ರದ ಗಾಡಿ. ಟೈರಿಗೆ ಒಂಬತ್ತು ವರ್ಷ. ಬಟನ್ ಅರ್ಧಕ್ಕಿಂತ ಜಾಸ್ತಿ ಇತ್ತು, ಹೊರಗಿನ ಟೈರ್ ಮಿರಿಮಿರಿ ಅನ್ನುತ್ತಿತ್ತು, ನಾನೇ ತೊಳೆದು ಪಾಲಿಶ್ ಹಾಕುತ್ತಿದ್ದೆ. ಒಳಗಿನದರ ನೆಕ್ಕಿಗೆ (ಗಾಳಿ ತುಂಬುವ ವಾಲ್ವ್‌ಗೆ) ಗೇಜ್ ಮುಟ್ಟಿಸುವುದು ಹಿಂಸೆ. ಹೊರಗಿನದು ಸರಿಯಿದ್ದರೆ ಒಳಗಿನದೂ ಸರಿಯಿರುತ್ತೆ ಅಂತ ಎಷ್ಟೋ ತಿಂಗಳು ಬಿಟ್ಟಿದ್ದೆವು. ಅದರಲ್ಲಿ ಗಾಳಿ ಇಳಿದಿತ್ತು ಅಂತ ಕಾಣುತ್ತೆ, ಗೊತ್ತಾಗಲೇ ಇಲ್ಲ, ಯಾಕೆಂದರೆ ಭಾರವನ್ನೆಲ್ಲ ಪಕ್ಕದ್ದು ಹೊತ್ತುಕೊಂಡಿತ್ತು. ಮಧ್ಯಾಹ್ನದ ಬಿಸಿಲು, ಹೆದ್ದಾರಿ, ತೊಂಬತ್ತರ ವೇಗ. ಮೊದಲು ಸುಮಾರು ಹತ್ತು ನಿಮಿಷ ಸೀಟಿನಡಿ ಸಣ್ಣಗೆ ಡುಗುಡುಗು. ರಸ್ತೆ ಸರಿಯಿಲ್ಲ ಅಂದುಕೊಂಡೆವು. ಆಮೇಲೆ ಮದ್ದು ಸಿಡಿದ ಹಾಗೆ ಒಂದು ಸದ್ದು.

ಗಾಡಿ ಉರುಳಲಿಲ್ಲ, ಯಾಕೆಂದರೆ ನಮ್ಮವರು ಬ್ರೇಕ್ ತುಳಿಯಲಿಲ್ಲ. ಸ್ಟೀರಿಂಗ್ ಬಿಗಿಯಾಗಿ ನೇರ ಹಿಡಿದು, ಆಕ್ಸಿಲರೇಟರ್ ಒಮ್ಮೆಲೇ ಬಿಡದೆ, ವೇಗ ತಾನಾಗಿ ಇಳಿಯೋಕೆ ಬಿಟ್ಟು ಪಕ್ಕಕ್ಕೆ ತಂದರು. ಇಳಿದು ನೋಡಿದರೆ ಉಕ್ಕಿನ ತಂತಿ ಬಿಟ್ಟುಕೊಂಡ ಟೈರಿನ ಪಟ್ಟಿ ಚಾಟಿ ಹಾಗೆ ಬಡಿದು ಚಕ್ರದ ಮೇಲಿನ ಕಮಾನು ಒಡೆದುಹೋಗಿದೆ. ಅದರ ಹಿಂದೆ ಇದ್ದ ನೀರಿನ ಪೈಪ್ ತುಂಡು, ಹಿಂದಿನ ದೀಪದ ವೈರು ಕಿತ್ತು ನೇತಾಡುತ್ತಿದೆ. ಒಳಗೆ ಪಾತ್ರೆ ಇಡುವ ಕಪಾಟಿನ ತಳದಿಂದ ರಸ್ತೆ ಕಾಣುತ್ತಿತ್ತು! ಗ್ಯಾಸಿನ ಪೈಪ್ ಅಲ್ಲಿಂದ ಒಂದು ಗೇಣು ದೂರ. ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತೆ.

ಮುಂದಿನ ಟೈರ್ ಆಗಿದ್ದರೆ ಈ ಪೋಸ್ಟ್ ಬರೆಯೋಕೆ ನಾನು ಇರುತ್ತಿದ್ದೆನೋ ಇಲ್ಲವೋ.

ಸುಮ್ನೆ_ಓದೋಳು

ಅಕ್ಕ, ಆ ಡುಗುಡುಗು ಅನ್ನೋದು ಮುನ್ಸೂಚನೆನಾ? ನಂದೂ ಒಂದು ಟೈರ್ ಸೈಡ್‌ವಾಲ್‌ನಲ್ಲಿ ಒಂದು ಕಡೆ ಒಳಗೆ ತಗ್ಗಿದ ಹಾಗಿದೆ, ಭಯ ಆಗ್ತಿದೆ.

ರಬ್ಬರ್_ಮೇಷ್ಟ್ರು

ಅಕ್ಕ ಹೇಳಿದ ಡುಗುಡುಗು ಬಟನ್ ಪದರ ಬಿಟ್ಟುಕೊಳ್ಳುತ್ತಿರುವ ಲಕ್ಷಣ. ಹಿಂದೆ ಇಲ್ಲದ ನಡುಕ ಶುರುವಾದರೆ ಕೂಡಲೇ ನಿಲ್ಲಿಸಿ, ಟೈರ್ ಮೇಲೆ ಸುತ್ತ ಅಂಗೈ ಆಡಿಸಿ ನೋಡಬೇಕು, ಉಕ್ಕಿನ ತಂತಿ ಹೊರಬಂದಿರಬಹುದು, ಕೈಗವಸು ಇರಲಿ. ಎಲ್ಲಾದರೂ ಉಬ್ಬಿದ್ದರೆ ಆ ಟೈರ್ ಮುಗಿಯಿತು.

ತಗ್ಗಿಗೆ ಹೆದರಬೇಡಿ. ಸೈಡ್‌ವಾಲ್‌ನಲ್ಲಿ ಮೇಲಿಂದ ಕೆಳಕ್ಕೆ ಸಣ್ಣ ತಗ್ಗಿದ್ದರೆ ಒಳಗೆ ಬಟ್ಟೆಯ ಪದರ ಒಂದರ ಮೇಲೊಂದು ಕೂಡಿದ ಜಾಗ ಅದು, ಅಲ್ಲಿ ಬಲ ಹೆಚ್ಚು. ಉಬ್ಬು ಇದ್ದರೆ ಮಾತ್ರ ದಾರ ಕಡಿದಿದೆ ಅಂತ ಅರ್ಥ.

ಗಟ್ಟಿ_ಗಾಲಿ

ನೋಡ್ರಿ ಸರ, ಎಲ್ಲಾರೂ ವಯಸ್ಸು ವಯಸ್ಸು ಅಂತ ಹಿಡಕೊಂಡು ಕುಂತೀರಿ. ಗಾಡಿ ತೂಕ ಮಾಡ್ಸೀರೇನು? ನೀರು, ಗ್ಯಾಸು, ಸಾಮಾನು, ಮಂದಿ ಎಲ್ಲಾ ತುಂಬ್ಕೊಂಡು ವೇಬ್ರಿಡ್ಜಿಗೆ ಹೋಗ್ರಿ. ಮುಂದಿನ ಆಕ್ಸಲ್ ಬ್ಯಾರೆ, ಹಿಂದಿನ ಆಕ್ಸಲ್ ಬ್ಯಾರೆ ತೂಗ್ರಿ. ಆಗೂದಾದ್ರ ಒಂದೊಂದು ಬಾಜೂನೂ ತೂಗ್ರಿ. ಆಮ್ಯಾಲ ಟೈರ್ ಮ್ಯಾಲಿನ ಲೋಡ್ ಇಂಡೆಕ್ಸ್ ನೋಡ್ರಿ, ಒಂದು ಟೈರ್ ಎಷ್ಟು ಭಾರ ಹೊರತೈತಿ ಅಂತ ಹೇಳೋ ಅಂಕಿ ಅದು. 109 ಅಂದ್ರ 1030 ಕಿಲೋ, 112 ಅಂದ್ರ 1120, 116 ಅಂದ್ರ 1250, 121 ಅಂದ್ರ 1450. ಅದೂ ಪೂರ್ತಿ ಗಾಳಿ ಇದ್ದಾಗಿನ ಲೆಕ್ಕ. ಗಾಳಿ ಕಮ್ಮಿ ಆದ್ರ ಹೊರೋ ತಾಕತ್ತೂ ಕಮ್ಮಿ. ಇದನ್ನ ಮಾಡಿ ಇಲ್ಲಿ ಹಾಕ್ರಿ, ಆಮ್ಯಾಲ ವರ್ಷದ ಮಾತು ಆಡೂಣು.

ಭಾರೀ_ಬಂಡಿ

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ದೊಡ್ಡ ಗಾಡಿ, 22.5 ಇಂಚಿನ ಲಾರಿ ಟೈರ್. ಲಾರಿಗಳು ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತವೆ. ನಮಗೆ ಈ ವಯಸ್ಸಿನ ರಗಳೆ ಇಲ್ಲ ಅಲ್ಲವೇ?

ರಬ್ಬರ್_ಮೇಷ್ಟ್ರು

ಇದೆ ಸರ್. ಲಾರಿ ಆ ಲಕ್ಷವನ್ನು ಎರಡು ಮೂರು ವರ್ಷದಲ್ಲೇ ಮುಗಿಸುತ್ತದೆ. ಅಲ್ಲಿ ಟೈರ್ ಮುದಿಯಾಗುವಷ್ಟರಲ್ಲಿ ಬೋಳಾಗಿರುತ್ತದೆ. ನಿಮ್ಮಲ್ಲಿ ಉಲ್ಟಾ.

ಇನ್ನೊಂದು ಮಾತು. ಹಳೇ ದೊಡ್ಡ ಗಾಡಿ ಕೊಳ್ಳುವವರು ಟೈರಿನ ಮಾದರಿಯ ಹೆಸರನ್ನೂ ನೋಡಿ. ಗುಡ್‌ಇಯರ್ ಜಿ159, 275/70 ಆರ್ 22.5 ಅಳತೆ, 1996ರಿಂದ 2003ರ ನಡುವೆ ತಯಾರಾದವು. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ತನಿಖೆ ಆದ ಮೇಲೆ 2022ರಲ್ಲಿ ಕಂಪನಿ ಅವನ್ನು ವಾಪಸ್ ಕರೆಯಿತು. ಅಷ್ಟು ವರ್ಷದ ಟೈರನ್ನು ಯಾರು ಓಡಿಸುತ್ತಾರೆ ಅಂತ ನಗಬೇಡಿ. ಗಾಡಿ ಅಡಿಯ ಸ್ಟೆಪ್ನಿ ಜಾಗದಲ್ಲಿ ಯಾರೂ ಇಣುಕುವುದಿಲ್ಲ.

ಗಾಲಿಮೇಲೆ_ಗೂಡು

ಗಟ್ಟಿ_ಗಾಲಿ ಸರ್, ನಿಮ್ಮ ಮಾತು ಕೇಳಿ ಇವತ್ತು ತೂಗಿಸಿಕೊಂಡು ಬಂದೆ. ಮುಂದಿನದು ಪರವಾಗಿಲ್ಲ. ಹಿಂದಿನ ಆಕ್ಸಲ್ 2080 ಕಿಲೋ. ಎಡಕ್ಕೆ 990, ಬಲಕ್ಕೆ 1090.

ಟೈರ್ 215/70 ಆರ್ 15 ಸಿ, ಇಂಡೆಕ್ಸ್ 109. ಅಂದರೆ ಒಂದಕ್ಕೆ 1030. ಬಲಗಡೆಯದು ಪೂರ್ತಿ ಗಾಳಿ ಇದ್ದರೂ ಅರವತ್ತು ಕಿಲೋ ಜಾಸ್ತಿ ಹೊತ್ತಿದೆ. ನೂರು ಲೀಟರ್ ನೀರಿನ ಟ್ಯಾಂಕು, ಬ್ಯಾಟರಿ, ಹೊರಗೆ ಬಿಚ್ಚುವ ಚಪ್ಪರದ ರೋಲು ಮೂರೂ ಆ ಕಡೆಯೇ ಇವೆ, ಇವತ್ತಿನವರೆಗೆ ಹೊಳೆದಿರಲಿಲ್ಲ. ಹೇಳೋಕೆ ನಾಚಿಕೆ, ಗಾಳಿಯ ಒತ್ತಡ ನೋಡಿದರೆ 3.6 ಬಾರ್ ಇತ್ತು. ಈ ಟೈರ್ 1030 ಕಿಲೋ ಹೊರಲು 4.5 ಬೇಕು. ಮಾರಿದವರು "ಜಾಸ್ತಿ ಹಾಕಿದರೆ ಕಪ್, ಬಸಿ ಗಲಗಲ ಅನ್ನುತ್ತೆ" ಅಂದಿದ್ದರು, ನಾನೂ ಹಾಗೇ ಬಿಟ್ಟಿದ್ದೆ.

ಲೆಕ್ಕ_ಪಕ್ಕಾ

ಸರ್, ನಾನು ಮೇಲೆ ಬರೆದದ್ದನ್ನು ನಿಮ್ಮ ಗಾಡಿಗೆ ಹಚ್ಚಬೇಡಿ. 3.6 ಬಾರ್‌ನಲ್ಲಿ ಆ ಟೈರಿನ ತಾಕತ್ತು 900 ಕಿಲೋಗೂ ಒಳಗೇ ಇರುತ್ತೆ, ನೀವು ಅದರ ಮೇಲೆ 1090 ಕೂರಿಸಿದ್ದೀರಿ. ನನ್ನ ಹನ್ನೊಂದು ವರ್ಷ ನಡೆದದ್ದು ಆ ಟೈರಿನ ಚರಿತ್ರೆ ಪೂರ್ತಿ ನನಗೆ ಗೊತ್ತಿದ್ದರಿಂದ. ನಿಮ್ಮದು ಸೆಕೆಂಡ್ ಹ್ಯಾಂಡ್, ಚರಿತ್ರೆ ಗೊತ್ತಿಲ್ಲ, ಗೊತ್ತಾದಷ್ಟು ಕೆಟ್ಟದಾಗಿದೆ. ಮುಂದಿನ ಪ್ರಯಾಣಕ್ಕೆ ಮುಂಚೆ ಎಲ್ಲವನ್ನೂ ತೆಗೆಸಿ. ಮನೆಯವರಿಗೆ ನನ್ನ ನಮಸ್ಕಾರ ಹೇಳಿ.

ಹಳೇ_ಸ್ಟೀರಿಂಗ್

ಲೆಕ್ಕ_ಪಕ್ಕಾ "ತೆಗೆಸಿ" ಅಂದರು! ಈ ದಿನ ಎಲ್ಲಾದರೂ ಬರೆದಿಡಬೇಕು.

ಸುಮ್ನೆ_ಓದೋಳು

ಒಂದೇ ಸಲ ಐದು ಟೈರ್ ಆಗಲ್ಲ ಅನ್ನೋರು ಎರಡೆರಡು ಮಾಡಬಹುದಾ? ಮೊದಲು ಮುಂದಿನದಾ ಹಿಂದಿನದಾ?

ಹಳೇ_ಸ್ಟೀರಿಂಗ್

ಮುಂದಿನದು. ಮುಂದಿನ ಟೈರ್ ಸಿಡಿದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತೆ.

ಗಟ್ಟಿ_ಗಾಲಿ

ಇಲ್ರಿ, ಸಣ್ಣ ಗಾಡಿ ಇದ್ರ ಹಿಂದಿಂದು. ಭಾರ ಎಲ್ಲಾ ಹಿಂದ ಇರ್ತೈತಿ. ಮಳ್ಯಾಗ ಹಿಂದಿನ ಹಿಡಿತ ತಪ್ಪಿದ್ರ ಗಾಡಿ ಗಿರಕಿ ಹೊಡೀತೈತಿ, ಅದನ್ನ ಹಿಡಿಯೂದು ಕಷ್ಟ.

ರಬ್ಬರ್_ಮೇಷ್ಟ್ರು

ಇಬ್ಬರ ಮಾತಿಗೂ ಕಾರಣ ಇದೆ, ಈ ಜಗಳ ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇದೆ. ನಾನಾದರೆ ಭಾರೀ ಗಾಡಿಗೆ ಮುಂದೆ ಹಾಕಿಸುತ್ತೇನೆ. ವ್ಯಾನ್ ಗಾತ್ರದ್ದಕ್ಕೆ ತೂಗಿ ನೋಡಿ, ಯಾವ ಆಕ್ಸಲ್ ಮಿತಿಗೆ ಹತ್ತಿರವೋ ಅದಕ್ಕೆ. ಒಂದು ಆಕ್ಸಲ್ ಮೇಲೆ ಒಂದು ಹೊಸದು ಒಂದು ಹಳೆಯದು ಮಾತ್ರ ಬೇಡ. ಜೋಡಿ ಚಕ್ರದಲ್ಲಂತೂ ಬೇಡವೇ ಬೇಡ. ಸವೆದದ್ದರ ಸುತ್ತಳತೆ ಚಿಕ್ಕದು, ಭಾರವೆಲ್ಲ ಹೊಸದರ ಮೇಲೆ ಬೀಳುತ್ತೆ.

ಗೂಡಿನವರಿಗೆ: ನಿಮ್ಮ ಅಳತೆಯಲ್ಲೇ ಸಿಪಿ ಅಂತ ಗುರುತಿರುವ ಟೈರ್ ಬರುತ್ತದೆ, ಕ್ಯಾಂಪರ್ ಗಾಡಿಗೆಂದೇ ಮಾಡಿದ್ದು. ಯಾವಾಗಲೂ ಭಾರ ಹೊತ್ತು ನಿಲ್ಲುವುದನ್ನು ಲೆಕ್ಕಕ್ಕಿಟ್ಟು ಕಟ್ಟಿರುತ್ತಾರೆ, ಹಿಂದಿನ ಒಂಟಿ ಚಕ್ರಕ್ಕೆ 5.5 ಬಾರ್‌ವರೆಗೂ ತಡೆಯುತ್ತದೆ. ಆದರೆ ಗಮನಿಸಿ, ಈ ಅಳತೆಯಲ್ಲಿ ಸಿಪಿಗೂ ಇಂಡೆಕ್ಸ್ ಅದೇ 109. ಹೊಸ ಟೈರ್ ಹಾಕಿದೆ ಅಂತ ಬಲಗಡೆಯ 1090 ಮಾಫಿ ಆಗುವುದಿಲ್ಲ. ಭಾರ ಇಳಿಸಿ, ಎಡಕ್ಕೆ ಹಂಚಿ. ಗಾಡಿಯ ಫಲಕದಲ್ಲಿ ಬರೆದಿರುವ ಆಕ್ಸಲ್ ಮಿತಿಯನ್ನೂ ಒಮ್ಮೆ ನೋಡಿ.

ಇನ್ನು ನೆಕ್. ಕಾರಿಗೆ ಹಾಕುವ ಸಾಮಾನ್ಯ ರಬ್ಬರ್ ನೆಕ್ ಸುಮಾರು 4.5 ಬಾರ್‌ವರೆಗೆ ಮಾತ್ರ. ಅದಕ್ಕಿಂತ ಹೆಚ್ಚಿಗೆ ನಟ್ಟು ಬಿಗಿಯುವ ಲೋಹದ ನೆಕ್ ಬೇಕು. ಅಂಗಡಿಯಲ್ಲಿ ಕೇಳದಿದ್ದರೆ ಕಾರಿನದನ್ನೇ ತೂರಿಸಿ ಕಳಿಸುತ್ತಾರೆ. ಹೊಸ ಟೈರ್ ಡಿಸ್ಕಿಗೆ ಕೂರಿಸುವ ಮುಂಚೆ ತಾರೀಕು ಓದಿ, ಅದು ಹೊರಗೆ ಕಾಣುವ ಹಾಗೆ ಕೂರಿಸಲು ಹೇಳಿ. ಇನ್ನೊಮ್ಮೆ ಚಾಪೆ ಹಾಸುವುದು ತಪ್ಪುತ್ತೆ.

ಅಲೆಮಾರಿ_ಅಕ್ಕ

ಚಕ್ರದ ನಟ್ಟು ಐವತ್ತು, ನೂರು ಕಿಲೋಮೀಟರ್ ಆದ ಮೇಲೆ ಟಾರ್ಕ್ ರೆಂಚ್‌ನಲ್ಲಿ ಮತ್ತೊಮ್ಮೆ ನೋಡಿಸಿ. ಪ್ರೆಷರ್ ಸೆನ್ಸರ್ ನಾವು ಹಾಕಿಸಿಕೊಂಡೆವು, ಒಳ ಚಕ್ರದ ಹಿಂಸೆ ತಪ್ಪಿತು. ಆದರೆ ಅದು ಗಾಳಿ ಇಳಿದರೆ, ಬಿಸಿಯಾದರೆ ಕೂಗುತ್ತೆ, ಪದರ ಬಿಟ್ಟುಕೊಂಡರೆ ಅದಕ್ಕೂ ಗೊತ್ತಾಗಲ್ಲ. ಮೇಷ್ಟ್ರೇ, ನನ್ನ ಪಾಲಿಶ್ ಬಗ್ಗೆ ನೀವು ಏನೂ ಹೇಳಲಿಲ್ಲ?

ರಬ್ಬರ್_ಮೇಷ್ಟ್ರು

ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ ಅಕ್ಕ. ಪೆಟ್ರೋಲಿಯಂ ಎಣ್ಣೆ ಇರುವ ಪಾಲಿಶ್ ಆ ಕಾಪಾಡುವ ಮೇಣವನ್ನೇ ತೊಳೆದುಹಾಕುತ್ತದೆ. ಸಾಬೂನು ನೀರು ಸಾಕು. ನಿಲ್ಲಿಸುವಾಗ ಬಿಸಿಲಿಗೆ ಬಿಳಿ ಹೊದಿಕೆ, ಗಾಳಿ ಪೂರ್ತಿ, ತಿಂಗಳಿಗೊಮ್ಮೆ ಸ್ವಲ್ಪ ದೂರ ಓಡಿಸಿಕೊಂಡು ಬನ್ನಿ. ಅಡಿಗೆ ಹಲಗೆ ಇಡುವುದಾದರೆ ಟೈರಿನ ಅಗಲ ಪೂರ್ತಿ ಅದರ ಮೇಲೆ ಕೂರಬೇಕು, ಜೋಡಿ ಚಕ್ರವಾದರೆ ಎರಡೂ.

ಗಾಲಿಮೇಲೆ_ಗೂಡು

ಆಯಿತು, ಐದೂ ಬದಲಾಯಿಸಿಬಿಟ್ಟೆ. ಸಿಪಿ, ಲೋಹದ ನೆಕ್.

ಒಂದು ವಿಷಯ ಹೇಳಲೇಬೇಕು. ಹಳೇ ಟೈರ್ ಕಳಚುವಾಗ ಪಕ್ಕದಲ್ಲೇ ನಿಂತಿದ್ದೆ. 2317ರ ಮೂರೂ ಒಳಗೆ ಶುಭ್ರವಾಗಿದ್ದವು, ಸೈಡ್‌ವಾಲ್ ಬಿರುಕು ಮೇಲ್ಮೈಯಲ್ಲೇ ಇತ್ತು. ನನ್ನ ಮನಸ್ಸು "ಅಯ್ಯೋ" ಅಂತು. ಕೊನೆಗೆ ಬಲಗಡೆ ಹಿಂದಿನ ಕಿರಿಯವನು, 1119, ಕಳಚಿದರು. ಟೈರ್ ಅಡ್ಡ ಮಾಡಿದ ಕೂಡಲೇ ಒಳಗಿಂದ ಕಪ್ಪು ಪುಡಿ ಜರ್ರನೆ ನೆಲಕ್ಕೆ ಸುರಿಯಿತು, ಪೆನ್ಸಿಲ್ ಉಜ್ಜಿ ಅಳಿಸಿದ ರಬ್ಬರಿನ ಚೂರಿನ ಹಾಗೆ, ಒಂದು ಹಿಡಿಯಷ್ಟು. ಒಳಮೈಯ ಸುತ್ತ ಒಂದು ಬಳೆಯ ಹಾಗೆ ಸುಕ್ಕು ಬಿದ್ದಿತ್ತು. ಬೆರಳಿಟ್ಟರೆ ಮೆತ್ತಗೆ. ಕೆಲಸದ ಹುಡುಗ ಮೊದಲು ಟೈರ್ ನೋಡಿದ, ಆಮೇಲೆ ನನ್ನನ್ನು ನೋಡಿದ, ಏನೂ ಹೇಳಲಿಲ್ಲ. ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಹೆಚ್ಚು ಕೆಟ್ಟಿತ್ತು.

ರಬ್ಬರ್_ಮೇಷ್ಟ್ರು

ಆ ಪುಡಿ ಗಾಳಿ ಕಮ್ಮಿಯಿದ್ದು ಭಾರಕ್ಕೆ ಮಡಚಿ ಮಡಚಿ ಒಳಪದರ ಉಜ್ಜಿದ್ದು. ಬಹಳ ದಿನ ಉಳಿಯುತ್ತಿರಲಿಲ್ಲ.

ಲೆಕ್ಕ_ಪಕ್ಕಾ

ನೋಡಿದಿರಾ, ವಯಸ್ಸಲ್ಲ, ಭಾರ ಮತ್ತು ಗಾಳಿ! (ಹೌದು, ಆ ಮೂರನ್ನೂ ತೆಗೆಸಿದ್ದು ಸರಿಯೇ. ಇಷ್ಟಾದರೂ ಹೇಳಿಕೊಳ್ಳೋಕೆ ಬಿಡಿ.)

ಗಟ್ಟಿ_ಗಾಲಿ

ನೀರಿನ ಟ್ಯಾಂಕ್ ಏನು ಮಾಡಿದ್ರಿ ಸರ?

ಗಾಲಿಮೇಲೆ_ಗೂಡು

ಕಾಲುಭಾಗ ಮಾತ್ರ ತುಂಬಿಕೊಂಡು ಹೊರಡೋದು, ಊಟದ ಜಾಗ ತಲುಪಿದ ಮೇಲೆ ಉಳಿದದ್ದು. ಟೂಲ್ ಪೆಟ್ಟಿಗೆ, ಕುರ್ಚಿ ಎಲ್ಲ ಎಡಕ್ಕೆ ಹೋದವು. ಮತ್ತೆ ತೂಗಿದೆ: ಎಡ 1000, ಬಲ 970.

ಹಳೇ_ಸ್ಟೀರಿಂಗ್

ಹೊಸ ಟೈರಿನ ತಾರೀಕು ಓದಿದಿರಾ, ಇಲ್ಲ ಖುಷಿಯಲ್ಲಿ ಮರೆತಿರಾ?

ಗಾಲಿಮೇಲೆ_ಗೂಡು

ಮನೆಯವಳೇ ಒಂದೊಂದನ್ನೂ ಓದಿ ಚೀಟಿಯಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿದ್ದಾಳೆ. ನಾಲ್ಕೂ ಒಂದೇ ವಾರದವು. ಸ್ಟೆಪ್ನಿ ಮಾತ್ರ ಐದು ವಾರಕ್ಕೆ ದೊಡ್ಡಣ್ಣ.